ಕಂಡಕ್ಟರ್ ಕಾಕಾನ ಫೋನಿನೊಳಗಿನ ರಕ್ತದಾನಿಗಳು

ಮೊಬೈಲ್ ಪರದೆಯ ಮೇಲೆ ನಾಲ್ಕು ಹೆಸರನ್ನು ಒಂದರ ಕೆಳಗೊಂದು ತೋರಿಸೋದು ಏನು ಮಹಾ ಕೆಲಸ ಅಂತ ಕೇಳುವವರಿಗೆ ನಾನು ಉತ್ತರ ಹೇಳಲು ಹೋಗುವುದಿಲ್ಲ. ಕೂರಿಸಿ, ಚಹಾ ಕೊಟ್ಟು, ನಡೆದದ್ದನ್ನು ಹೇಳುತ್ತೇನೆ. ಆ ಕೆಲಸಕ್ಕೆ ಕೈ ಹಾಕಿದ ದಿನದಿಂದ ಏನಾದರೊಂದು ಆಗುತ್ತಲೇ ಇತ್ತು. ಒಂದನ್ನು ಸರಿ ಮಾಡಿದರೆ, ಸರಿ ಮಾಡಿದ್ದರಿಂದಲೇ ಇನ್ನೊಂದು ಆಗುತ್ತಿತ್ತು.

ಆಗ ನಾನು ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಬೆರಳಿನಿಂದ ಸವರುವ ಫೋನುಗಳು ನಮ್ಮ ಕಡೆ ಇನ್ನೂ ಬಂದಿರಲಿಲ್ಲ. ಗುಂಡಿ ಒತ್ತುವ ಫೋನು, ಅಂಗೈಯ ಅರ್ಧದಷ್ಟು ಪರದೆ. ಅದರಲ್ಲಿ ಓಡುವ ಸಣ್ಣಪುಟ್ಟ ಪ್ರೋಗ್ರಾಂ ಬರೆಯುವುದನ್ನು ಹುಬ್ಬಳ್ಳಿಯಲ್ಲಿ ಕಲಿತು ಬಂದಿದ್ದೆ. ಕಲಿತಿದ್ದನ್ನು ಯಾರಿಗೆ ತೋರಿಸಬೇಕು ಎಂದು ತಿಳಿಯದೆ ಸುಮ್ಮನಿದ್ದೆ.

ಒಂದು ದಿನ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಬಂದರು. ಊರಿಗೆಲ್ಲ ಅವರು ಕಂಡಕ್ಟರ್ ಕಾಕಾ. ಬಂದವರೇ ಹೊಸ ಫೋನನ್ನು ಮೇಜಿನ ಮೇಲಿಟ್ಟು, "ತಂಗೀ, ಇದರಾಗ ರಕ್ತ ತುಂಬಿಕೊಡಬೇಕಲ್ಲಾ" ಅಂದರು.

ಅವರು ಹೇಳಿದ ಸಂಗತಿ ನಗುವಂಥದ್ದಲ್ಲ. ನೌಕರಿಯಲ್ಲಿದ್ದಾಗ ಒಂದು ಮಧ್ಯಾಹ್ನ ಬ್ಯಾಡಗಿಯಿಂದ ಹಾವೇರಿಗೆ ಹೊರಟ ಅವರ ಬಸ್ಸಿಗೆ, ಹಳ್ಳಿಯೊಂದರಲ್ಲಿ ಆಗಷ್ಟೇ ಹೆರಿಗೆಯಾದ ಹೆಂಗಸನ್ನು ಮನೆಯವರು ಎತ್ತಿಕೊಂಡು ಬಂದು ಹತ್ತಿಸಿದ್ದರು. ರಕ್ತ ನಿಲ್ಲುತ್ತಿರಲಿಲ್ಲ. ಡ್ರೈವರ್ ಎಲ್ಲೂ ನಿಲ್ಲಿಸದೆ ಬಸ್ಸನ್ನು ಆಸ್ಪತ್ರೆಯ ಬಾಗಿಲಿಗೇ ಒಯ್ದ. ರಕ್ತ ಬೇಕು ಅಂದ ಕೂಡಲೇ ಬಸ್ಸಿನ ಮಂದಿಯೆಲ್ಲ ಇಳಿದು ತೋಳು ಏರಿಸಿ ನಿಂತರು. ಆದರೆ ಒಬ್ಬರಿಗೂ ತಮ್ಮ ರಕ್ತದ ಗುಂಪು ಗೊತ್ತಿಲ್ಲ. ಒಬ್ಬೊಬ್ಬರದೇ ನೋಡುತ್ತಾ ಹೋಗಿ, ಹೊಂದುವವರು ಸಿಕ್ಕಾಗ ಹೊತ್ತು ಮೀರಿತ್ತು.

"ಬಸ್ ತುಂಬ ರಕ್ತ ಇತ್ತವ್ವಾ. ಯಾರ್ದು ಯಾವ್ದು ಅನ್ನೋದು ಗೊತ್ತಿದ್ದಿಲ್ಲ," ಅಂದರು ಕಾಕಾ.

ನಿವೃತ್ತಿಯಾದ ಮೇಲೆ ಅವರು ಊರೂರು ತಿರುಗಿ ರಕ್ತದ ಗುಂಪು ಕೇಳಿ ಬರೆದುಕೊಂಡಿದ್ದರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಸುತ್ತಲಿನ ಹಳ್ಳಿ. ಸಾವಿರಾರು ಹೆಸರು. ರಟ್ಟಿನ ಪೆಟ್ಟಿಗೆಯಲ್ಲಿ ಚೀಟಿಗಳು. ಅವನ್ನು ಹೊತ್ತು ಆಸ್ಪತ್ರೆಗೆ ಓಡಲಾಗದು, ಫೋನಿನಲ್ಲಿ ಬೇಕು. ನಾನು ಒಪ್ಪಿಕೊಂಡೆ.

ಕೊನೆಗೂ ಬಂದ ಬಸ್ಸು

ಮೊದಲ ಸಲ ಬರೆದ ಪ್ರೋಗ್ರಾಂ ನನ್ನ ಮೇಜಿನ ಮೇಲೆ ಇಪ್ಪತ್ತು ಹೆಸರಿಟ್ಟುಕೊಂಡು ಕುದುರೆಯಂತೆ ಓಡಿತು. ಅದೇ ಕುದುರೆಗೆ ಸಾವಿರಾರು ಹೆಸರು ಹೇರಿದಾಗ ಏನಾಗುತ್ತದೆ ಅಂತ ನಾನು ನೋಡಿರಲಿಲ್ಲ. ಅದು ಎಲ್ಲ ಹೆಸರನ್ನೂ ಓದಿ, ಸಾಲಾಗಿ ಜೋಡಿಸಿ, ಆಮೇಲೆ ಪರದೆಗೆ ತರುತ್ತಿತ್ತು. ಫೋನಿನ ಜೀವ ಎಷ್ಟರದು!

ಹಾವೇರಿಯ ಆಸ್ಪತ್ರೆಯಲ್ಲಿ ಅಜ್ಜಿಯೊಬ್ಬಳು ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. ಆಪರೇಷನ್‌ಗೆ ಬಿ ನೆಗೆಟಿವ್ ಬೇಕಾಗಿತ್ತು. ನಾನೂ ಕಾಕಾನೂ ಹೋದೆವು. ಕಾಕಾ ವರಾಂಡದ ನಡುವೆ ನಿಂತು, ಎಲ್ಲರಿಗೂ ಕಾಣುವ ಹಾಗೆ ಫೋನು ತೆಗೆದು ಗುಂಡಿ ಒತ್ತಿದರು. ಪರದೆಯ ಮೇಲೆ ಮರಳಿನ ಗಡಿಯಾರ ಮೂಡಿತು.

ಅಜ್ಜಿಯ ಮಗ ಕೇಳಿದ, "ಏನಾತ್ರಿ?"

"ಬರಾಕತ್ತಾವ," ಅಂದರು ಕಾಕಾ.

ಮಗ ಒಳಗೆ ಹೋಗಿ ತಾಯಿಯನ್ನು ಮಾತಾಡಿಸಿ ಬಂದ. ಗಡಿಯಾರ ಹಾಗೇ ಇತ್ತು. "ಬಂದ್ವೇನ್ರಿ?"

"ದಾರ್ಯಾಗ ಅದಾವಪಾ. ಕುಂದ್ರು."

ಅಷ್ಟರಲ್ಲಿ ಕಿಟ್ಲಿ ಹಿಡಿದು ಚಹಾ ಮಾರುವವನು ಬಂದ. ಫೋನಿನ ಮೇಲೆ ಬಾಗಿದ್ದ ನಮ್ಮ ಮೂವರ ತಲೆ ನೋಡಿ, "ಏನ್ ಹುಡುಕಾಕತ್ತೀರ್ರಿ?" ಅಂದ.

"ಬಿ ನೆಗೆಟಿವ್."

"ನಂದು ಅದ ಐತಲ್ಲ! ಮಿಲ್ಟ್ರಿ ಭರ್ತಿಗೆ ಹೋದಾಗ ಹೇಳಿದ್ರು. ಎತ್ತರ ಸಾಲಲಿಲ್ಲ ಅಂತ ಹೊಳ್ಳಿ ಕಳಿಸಿದ್ರು. ರಕ್ತ ಅಷ್ಟ ನೆನಪೈತಿ."

ಅಂದವನೇ ಕಿಟ್ಲಿಯನ್ನು ಕಾಕಾನ ಕೈಗೆ ಕೊಟ್ಟು ಒಳಗೆ ನಡೆದ. ಅಜ್ಜಿಯ ಮಗ ಅವನ ಹಿಂದೆ ಓಡಿದ. ಹೊರಗೆ ಗಿರಾಕಿಗಳು ಕೈ ಚಾಚಿದರು. ಕಾಕಾ ಒಂದು ಕೈಯಲ್ಲಿ ಫೋನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ವರಾಂಡದ ಮಂದಿಗೆಲ್ಲ ಚಹಾ ಬಗ್ಗಿಸಿದರು. ಚಹಾದವನ ಪರೀಕ್ಷೆಯಾಗಿ, ರಕ್ತ ಕೊಟ್ಟು, ಬಿಸ್ಕೀಟು ತಿಂದು ಅವನು ಹೊರಗೆ ಬರುವ ಹೊತ್ತಿಗೆ ಫೋನು 'ಟುಂಯ್' ಅಂತು. ಪಟ್ಟಿ ತೆರೆದುಕೊಂಡಿತು.

ಕಾಕಾ ಅದನ್ನು ಒಂದು ಗಳಿಗೆ ನೋಡಿದರು. "ಈಗ ಬಂತ್ ನೋಡ್ ತಂಗಿ ಬಸ್ಸು. ಪ್ಯಾಸೆಂಜರ್ ನಡಕೊಂತ ಹೋಗಿ, ಊರು ಮುಟ್ಟಿ, ಉಂಡು ಮಲಗ್ಯಾನ."

ಮೊದಲಿನವನು ಮತ್ತು ಕಡೆಯವನು

ಮನೆಗೆ ಬಂದು ಕುಳಿತು ಯೋಚಿಸಿದೆ. ನೋಡುವವರ ಕಣ್ಣಿಗೆ ಒಮ್ಮೆಗೆ ಕಾಣುವುದು ಹತ್ತು ಹೆಸರು. ಹಾಗಾದರೆ ಫೋನು ಹತ್ತನ್ನೇ ಓದಲಿ. ಕೆಳಗಿನ ಗುಂಡಿ ಒತ್ತಿದರೆ ಮುಂದಿನ ಹತ್ತು ಓದಲಿ. ಇಷ್ಟು ಮಾಡಿದ್ದೇ ತಡ, ಪಟ್ಟಿ ಕಣ್ಣು ಮಿಟುಕಿಸುವುದರಲ್ಲಿ ತೆರೆಯತೊಡಗಿತು. ಕಾಕಾ ಖುಷಿಯಾಗಿ, ಮೂರೂ ಊರಿನಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ತಮಗೆ ನೆರವಾಗುತ್ತಿದ್ದ ಕಾರ್ಯಕರ್ತರ ಫೋನಿಗೆ ಅದನ್ನು ಹಾಕಿಸಿದರು.

ಆಗಿನ ಫೋನುಗಳಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ಬರೆದರೆ ಡಬ್ಬಿ ಡಬ್ಬಿ ಕಾಣುತ್ತಿದ್ದವು. ಆದ್ದರಿಂದ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಎ ಯಿಂದ ಶುರುವಾಗಿ ಜಡ್‌ವರೆಗೆ ಸಾಲಾಗಿದ್ದವು.

ಕೆಲ ವಾರ ಕಳೆದ ಮೇಲೆ ಬ್ಯಾಡಗಿಯಿಂದ ಒಬ್ಬ ಹೆಣ್ಣುಮಗಳ ಫೋನು ಬಂತು. ಮೆಣಸಿನಕಾಯಿ ಚೀಲ ಹೊಲಿಯುವ ಅಡಿವೆಪ್ಪನ ಹೆಂಡತಿ. "ಆ ಪಟ್ಟಿ ಮಾಡಿದ ಅಕ್ಕಾರು ನೀವ ಏನ್ರಿ?"

"ಹೌದ್ರಿ."

"ನಮ್ಮ ಮನಿಯವರ ಮೈಯಾಗ ಒಂದ್ ಹನಿ ಆದ್ರೂ ಉಳಿಸ್ತೀರೋ ಇಲ್ಲೋ? ಹಾವೇರಿಯಿಂದ ಫೋನ್, ರಾಣೆಬೆನ್ನೂರಿಂದ ಫೋನ್, ಇಲ್ಲೇ ಬ್ಯಾಡಗಿಯಿಂದ ಫೋನ್. ಮನ್ನೆ ಕೊಟ್ಟೇನ್ರಿ, ಇನ್ನ ಮೂರು ತಿಂಗಳು ಬರಂಗಿಲ್ರಿ ಅಂತ ಹೇಳಿ ಹೇಳಿ ಅವರ ಗಂಟಲು ಬಿದ್ದೈತಿ. ಉಣ್ಣಾಕ ಕುಂತ್ರ ಫೋನ್, ಚೀಲ ಹೊಲ್ಯಾಕ ಕುಂತ್ರ ಫೋನ್. ಊರಾಗ ಅವರೊಬ್ಬರ ಮೈಯಾಗ ರಕ್ತ ಐತೇನು?"

ನನಗೆ ಹೊಳೆಯಲಿಲ್ಲ. ಫೋನು ತೆಗೆದು ನೋಡಿದೆ. ಓ ಪಾಸಿಟಿವ್ ಒತ್ತಿದರೆ ಮೊದಲ ಹೆಸರೇ ಅಡಿವೆಪ್ಪ. ಯಾರಿಗೂ ಎರಡನೆಯ ಪುಟಕ್ಕೆ ಹೋಗುವ ವ್ಯವಧಾನವಿಲ್ಲ.

ಆ ವಾರವೇ ನನ್ನ ಕ್ಲಾಸಿಗೆ ಇನ್ನೊಬ್ಬ ಬಂದ. ನಲವತ್ತರ ಆಸುಪಾಸು, ರಾಣೆಬೆನ್ನೂರಿನ ಗ್ಯಾರೇಜಿನಲ್ಲಿ ಲಾರಿಯ ಸ್ಪ್ರಿಂಗ್ ಪಾಟಾ ಕಟ್ಟುವ ಯಲ್ಲಪ್ಪ. ಹುಡುಗಿಯರು ಟೈಪ್ ಮಾಡುತ್ತಿದ್ದರು. ಅವರು ಹೋಗುವ ತನಕ ಬಾಗಿಲ ಬಳಿಯೇ ನಿಂತಿದ್ದ. ಆಮೇಲೆ ಒಳಗೆ ಬಂದು ದನಿ ತಗ್ಗಿಸಿ ಕೇಳಿದ:

"ಅಕ್ಕಾರ, ಖರೇ ಹೇಳ್ರಿ. ನನ್ನ ರಕ್ತಕ್ಕ ಏನಾಗೇತಿ?"

"ಯಾಕ್ರಿ?"

"ಹೆಸರು ಬರಿಸಿ ವರ್ಷಾತು. ನನ್ನ ಹಿಂದ ಬರಿಸಿದವರೆಲ್ಲ ಕೊಟ್ಟು ಬಂದ್ರು. ನನಗೊಬ್ಬಗ ಕರೀಲಿಲ್ಲ. ಪರೀಕ್ಷಾದಾಗ ಏನೋ ಬ್ಯಾರೇ ಸಿಕ್ಕೈತಿ, ಕಾಕಾ ಮಾರಿಮುಂದ ಹೇಳಾಕ ಸಂಕೋಚ ಮಾಡ್ಕೊಂಡಾರ. ಅಲ್ಲೇನ್ರಿ?" ಅವನ ಕಣ್ಣು ತುಂಬಿತ್ತು. "ಮನ್ಯಾಗ ಹೇಳಿಲ್ರಿ. ಇಬ್ಬರು ಹೆಣ್ಣ ಹುಡುಗ್ಯಾರದಾರ. ಕಾಗಿನೆಲೆಗೆ ಹೋಗಿ ಒಬ್ಬನ ಕುಂತು ಬಂದೆ."

ಫೋನು ತೆಗೆದು ಹುಡುಕಿದೆ. ಅವನ ಹೆಸರು ವೈ ಅಕ್ಷರದಲ್ಲಿ, ಪಟ್ಟಿಯ ಕಟ್ಟಕಡೆಯಲ್ಲಿ ಇತ್ತು. ಅಲ್ಲಿಯವರೆಗೆ ಗುಂಡಿ ಒತ್ತಿದವರು ಯಾರೂ ಇರಲಿಲ್ಲ. ಪರದೆಯನ್ನು ಅವನ ಕಡೆ ತಿರುಗಿಸಿ ತೋರಿಸಿದೆ. ಅರ್ಥವಾದ ಮೇಲೂ ಅವನು ನಂಬಲು ಹೊತ್ತು ಹಿಡಿಯಿತು. "ಅಂದ್ರ ನಾ ಚಲೋ ಅದೇನಿ?" ಅಂತ ಎರಡು ಸಲ ಕೇಳಿದ.

ಅಂದೇ ಸಾಲನ್ನು ಬದಲಿಸಿದೆ. ಹೆಸರಿನ ಅಕ್ಷರ ನೋಡುವುದು ಬಿಟ್ಟು, ಯಾರು ರಕ್ತ ಕೊಟ್ಟು ಬಹಳ ದಿನವಾಗಿದೆಯೋ ಅವರು ಮುಂದೆ, ಮೊನ್ನೆ ಕೊಟ್ಟವರು ಹಿಂದೆ. ಕಾಕಾ ಇದನ್ನು ಕಂಡಕ್ಟರನ ಭಾಷೆಯಲ್ಲಿ ಎಲ್ಲರಿಗೂ ತಿಳಿಸಿದರು: "ಬಾಗಲದಾಗ ನಿಂತವರು ಹಿಂದ ಹೋಗ್ರಿ, ಹಿಂದಿನವರು ಮುಂದ ಬರ್ರಿ."

ಎರಡನೆಯ ದಿನಕ್ಕೇ ಯಲ್ಲಪ್ಪನಿಗೆ ಕರೆ ಹೋಯಿತು. ಸಂಜೆ ಪೇಡೆಯ ಪೊಟ್ಟಣ ಹಿಡಿದು ಬಂದ. ಹುಡುಗಿಯರ ಎದುರಿಗೇ, ಈ ಸಲ ದನಿ ಏರಿಸಿ, "ಪಾಸಾತ್ರಿ ಅಕ್ಕಾರ!" ಅಂದ. ಪರೀಕ್ಷೆ ಬರೆಯುತ್ತಿದ್ದ ಹುಡುಗಿಯರು ಪೇಡೆ ತಿಂದು, ಯಾವ ಪರೀಕ್ಷೆ ಅಂತ ನನ್ನನ್ನು ಕೇಳಿದರು.

ಇದಾಗಿ ತಿಂಗಳೊಪ್ಪತ್ತು ಕಳೆಯಿತು. ಮತ್ತೆ ಬ್ಯಾಡಗಿಯಿಂದ ಫೋನು. ಅಡಿವೆಪ್ಪನ ಹೆಂಡತಿ. ಈ ಸಲ ದನಿ ಮೆತ್ತಗಿತ್ತು.

"ಅಕ್ಕಾರ, ಈಗ ಯಾರೂ ಫೋನ್ ಮಾಡವಲ್ರು. ನಮ್ಮ ಮನಿಯವರ ರಕ್ತಕ್ಕ ಏನಾರ ಆಗೇತೇನ್ರಿ?"

ಸುಳ್ಳ ಮತ್ತು ಖರೇ

ದೇವರಗುಡ್ಡದ ಕಡೆ ಮನೆಗೊಬ್ಬ ಮಾಲತೇಶ. ದೇವರ ಹೆಸರು, ತಪ್ಪೇನಿಲ್ಲ. ಆದರೆ ನನ್ನ ಪಟ್ಟಿಯ ಒಂದು ಸಾಲಿನಲ್ಲಿ ಹಿಡಿಸುತ್ತಿದ್ದುದು ಹತ್ತು ಹನ್ನೊಂದು ಇಂಗ್ಲಿಷ್ ಅಕ್ಷರ. ಅಡ್ಡಹೆಸರು ಶುರುವಾಗುವ ಮುಂಚೆಯೇ ಸಾಲು ಮುಗಿದು ಚುಕ್ಕಿ ಬೀಳುತ್ತಿದ್ದವು. ಪರದೆ ತೆರೆದರೆ ಮಾಲತೇಶ, ಮಾಲತೇಶ, ಮಾಲತೇಶ, ಮಾಲತೇಶ. ಒಬ್ಬರ ಬದಲು ಒಬ್ಬರಿಗೆ ಫೋನು ಹೋಗುತ್ತಿತ್ತು.

ಅಲ್ಲಿಯ ಕಾರ್ಯಕರ್ತ ನನ್ನನ್ನು ಕೇಳದೆ ತಾನೇ ಉಪಾಯ ಹುಡುಕಿದ. ಊರಿನಲ್ಲಿ ಯಾರನ್ನು ಹೇಗೆ ಗುರುತಿಸುತ್ತಾರೋ ಆ ಮಾತನ್ನು ಹೆಸರಿನ ಮುಂದೆ ಬರೆದುಬಿಟ್ಟ. ಉದ್ದ ಮಾಲತೇಶ, ಹಿಟ್ಟಿನ ಗಿರಣಿ ಮಾಲತೇಶ, ಮೀಸಿ ಮಾಲತೇಶ. ಅಲ್ಲಿಯವರೆಗೆ ಸರಿ. ಬಾಯಿ ತೆರೆದರೆ ಏನಾದರೊಂದು ಹೊಸೆಯುತ್ತಾನೆಂದು ಒಬ್ಬನಿಗೆ ಊರು 'ಸುಳ್ಳ' ಅಂತ ಹೆಸರಿಟ್ಟಿತ್ತು. ಅವನು ಸುಳ್ಳ ಮಾಲತೇಶ.

ಅವನು ರಕ್ತ ಕೊಡಲು ಹಾವೇರಿಗೆ ಬಂದ ದಿನ ನಾನು ಅಲ್ಲಿದ್ದೆ. ಕಾಕಾ ಪಟ್ಟಿಯನ್ನು ಜೋರಾಗಿ ಓದಿದರು, "ಸುಳ್ಳ ಮಾಲತೇಶ, ಎ ಪಾಸಿಟಿವ್." ಬಸ್ ನಿಲ್ದಾಣದ ಹೆಸರು ಕೂಗಿದ ಹಾಗೆ. ಪರೀಕ್ಷೆ ಮಾಡುವ ಟೆಕ್ನಿಷಿಯನ್ ತಲೆ ಎತ್ತಿದ. ಅವನು ಮೈಸೂರು ಕಡೆಯಿಂದ ಹೊಸದಾಗಿ ಬಂದವನು. ಹೇಗೂ ಎಲ್ಲರ ಗುಂಪನ್ನೂ ಒಮ್ಮೆ ನೋಡಿಯೇ ನೋಡುತ್ತಾರೆ. ಅವನು ಒಮ್ಮೆ ನೋಡಿದ. ಎ ಪಾಸಿಟಿವ್. ಕಾಕಾನ ಫೋನಿನ ಕಡೆ ನೋಡಿ, ಮತ್ತೊಮ್ಮೆ ನೋಡಿದ. ಆಮೇಲೆ ಒಳಗಿನಿಂದ ಇನ್ನೊಬ್ಬರನ್ನು ಕರೆದು ಅವರಿಂದಲೂ ನೋಡಿಸಿದ.

"ಯಾಕ್ರಿ ಸರ, ಏನಾತು?" ಮಾಲತೇಶ ಹೆದರಿದ.

"ಏನಿಲ್ಲ. ಸುಳ್ಳು ಅಂತ ಬರೆದಿದೆಯಲ್ಲ, ಅದಕ್ಕೆ."

ಮಾಲತೇಶ ಎದ್ದು ಕುಳಿತು ಕಾಕಾನ ಫೋನು ಕಸಿದುಕೊಂಡು ನೋಡಿದ. ಮುಖ ಕೆಂಪಾಯಿತು. "ನಾ ಮಾತಿನಾಗ ಸುಳ್ಳ ಇರಬಹುದ್ರಿ ಕಾಕಾ. ರಕ್ತದಾಗ ಅಲ್ಲ! ಮೊದಲ ಇದನ್ನ ತಗೀರಿ, ಆಮ್ಯಾಲೆ ಸೂಜಿ."

ಅವನ ಮಾತು ನ್ಯಾಯವಾಗಿತ್ತು. ಅಲ್ಲೇ ನಿಂತು 'ಸುಳ್ಳ' ತೆಗೆದೆ. ಆದರೆ ಏನನ್ನೂ ಬರೆಯದಿದ್ದರೆ ಗುರುತು ಸಿಗುವುದಿಲ್ಲ. ಮೂರು ಸಲ ಪರೀಕ್ಷೆಯಾಗಿ ನಿಜವೆಂದು ಗೊತ್ತಾಗಿತ್ತಲ್ಲ, ಕಾಕಾ ಹೇಳಿದ ಹಾಗೆ 'ಖರೇ ಮಾಲತೇಶ' ಎಂದು ಬರೆದೆ. ಅವನು ಸಮಾಧಾನವಾಗಿ ಮಲಗಿ ರಕ್ತ ಕೊಟ್ಟು ಹೋದ.

ಮರುವಾರ ದೇವರಗುಡ್ಡದಿಂದ ಉಳಿದ ಮಾಲತೇಶರೆಲ್ಲ ಒಂದೇ ಟೆಂಪೋದಲ್ಲಿ ಬಂದಿಳಿದರು. "ಅವನೊಬ್ಬ ಖರೇ ಆದ್ರ, ನಾವೆಲ್ಲ ಏನ್ರಿ?"

ಊಟದ ನಡುವೆ ಎದ್ದವನು

ಈ ಪ್ರಸಂಗ ಹೇಳುವಾಗ ನನಗೆ ಈಗಲೂ ಮೊದಲು ಎದೆ ಝಲ್ಲೆನ್ನುತ್ತದೆ, ನಗು ಆಮೇಲೆ ಬರುತ್ತದೆ.

ಪಟ್ಟಿ ಇನ್ನೂ ಚುರುಕಾಗಲಿ ಎಂದು ನಾನು ಒಂದು ಕೆಲಸ ಮಾಡಿದ್ದೆ. ಪ್ರತಿ ಸಲ ಹೊಸ ಸಾಲು ಮಾಡುವ ಬದಲು ಹತ್ತೇ ಸಾಲು ಇಟ್ಟುಕೊಂಡು, ಪಾಟಿ ಒರೆಸಿ ಬರೆದಂತೆ ಅದರಲ್ಲೇ ಹಳೆಯದನ್ನು ಒರೆಸಿ ಹೊಸ ಹೆಸರು, ಹೊಸ ನಂಬರು ಬರೆಯುವುದು. ಚೆನ್ನಾಗಿಯೇ ನಡೆಯಿತು. ಫೋನೇ ಇಲ್ಲದವರ ಹೆಸರು ಬಂದಾಗ ಮಾತ್ರ ಎಡವಟ್ಟು. ಹೊಸ ನಂಬರು ಇಲ್ಲವಲ್ಲ, ಆ ಜಾಗದಲ್ಲಿ ಬರೆಯುವುದೇನೂ ಇರಲಿಲ್ಲ. ಹಳಬರ ನಂಬರು ಒರೆಸದೆ ಉಳಿದುಬಿಡುತ್ತಿತ್ತು.

ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಏಳೆಂಟು ವರ್ಷದ ಹುಡುಗಿ. ಟ್ರ್ಯಾಕ್ಟರಿನಿಂದ ಬಿದ್ದು ಹೊಟ್ಟೆಯೊಳಗೆ ಪೆಟ್ಟಾಗಿತ್ತು. ಎಬಿ ನೆಗೆಟಿವ್, ಸಿಗುವುದೇ ಅಪರೂಪ. ಅವಳ ತಂದೆ ಗೋಡೆಗೆ ಆತು ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಕಾಕಾ ಪಟ್ಟಿ ತೆಗೆದರು. ಆ ಗುಂಪಿನವರು ಇದ್ದದ್ದು ಒಬ್ಬರೇ, ಐರಣಿಯ ಹನುಮಪ್ಪ. ಕಾಕಾ ನಂಬರು ಒತ್ತಿದರು.

ಆ ನಂಬರು ಹನುಮಪ್ಪನದಲ್ಲ. ಮುಂಜಾನೆ ಬೇರೆ ಗುಂಪಿನ ಪಟ್ಟಿ ತೆಗೆದಾಗ ಅದೇ ಸಾಲಿನಲ್ಲಿದ್ದ, ರಾಣೆಬೆನ್ನೂರಿನ ಖಾನಾವಳಿಯ ಒಡತಿಯದು. ಖಾನಾವಳಿ ಅಕ್ಕ ಫೋನು ಎತ್ತಿದಳು. ಮಧ್ಯಾಹ್ನದ ಗದ್ದಲ.

"ಐರಣಿ ಹನುಮಪ್ಪ ಅದಾರೇನ್ರಿ?" ಅಂತ ಕಾಕಾ ಕೂಗಿದರು.

ಯಾರೋ ಗಿರಾಕಿಯನ್ನು ಕೇಳುತ್ತಿದ್ದಾರೆ ಅಂದುಕೊಂಡ ಅವಳು ಊಟಕ್ಕೆ ಕುಳಿತವರ ಕಡೆ ತಿರುಗಿ, "ಯಾರ್ರೀ ಐರಣಿ ಹನುಮಪ್ಪ?" ಅಂದಳು.

ಮೂಲೆಯಲ್ಲಿ ರೊಟ್ಟಿ ಮುರಿಯುತ್ತಿದ್ದ ಒಬ್ಬ ಎದ್ದು ನಿಂತ. "ನಾನ ರೀ!" ಅವನೂ ಐರಣಿಯವನೇ, ಅವನ ಹೆಸರೂ ಹನುಮಪ್ಪನೇ. ಬೀಜ ಒಯ್ಯಲು ಸಂತೆಗೆ ಬಂದಿದ್ದ.

"ಲಗೂನ ದವಾಖಾನಿಗೆ ಬರಬೇಕಂತ. ರಕ್ತ ಬೇಕಂತ," ಅಂತ ಕಾಕಾ ಹೇಳಿದ್ದನ್ನು ಅವಳು ಅವನಿಗೆ ದಾಟಿಸಿದಳು.

ಅವನು ಕೈ ತೊಳೆಯಲಿಲ್ಲ. ಮನೆಯಲ್ಲಿ ಯಾರಿಗೋ ಏನೋ ಆಗಿದೆ ಅಂದುಕೊಂಡು ಎಂಜಲಗೈಯಲ್ಲೇ ಓಡಿ ಬಂದ. ವರಾಂಡದಲ್ಲಿ ಎಲ್ಲರ ಮುಖ ನೋಡುತ್ತಾ, "ಯಾರ್ರಿ? ನಮ್ಮವರು ಯಾರ್ರಿ?" ಅನ್ನುತ್ತಿದ್ದ. ಅವನನ್ನು ಕೂರಿಸಿ ನಡೆದದ್ದು ತಿಳಿಸಿದಾಗ ಗೋಡೆ ಹಿಡಿದು ಉಸಿರು ಬಿಟ್ಟ. ತನ್ನ ಮನೆಯವರಲ್ಲ. ಬೈದು ಎದ್ದು ಹೋಗಬಹುದಿತ್ತು. ಆದರೆ ಗೋಡೆಗೆ ಆತು ಕುಳಿತ ತಂದೆಯನ್ನು ಅವನು ನೋಡಿದ.

"ನಂದು ನೋಡ್ರಿ," ಅಂತ ತೋಳು ಚಾಚಿದ.

ನೋಡಿದರು. ಹೊಂದಲಿಲ್ಲ.

"ಹಂಗಾರ ನಿಮಗ ಬೇಕಾದಾಂವ ನಮ್ಮ ಹಿಂದಿನ ಓಣಿ ಹನುಮಪ್ಪ," ಅಂದ ಅವನು. "ಫೋನಿಲ್ಲ ಅವಗ. ಈಗ ಹೊಳಿ ದಂಡಿ ಹೊಲದಾಗ ಇರ್ತಾನ. ತಡೀರಿ." ಊರಿನ ಕಿರಾಣಿ ಅಂಗಡಿಗೆ ಫೋನು ಹಚ್ಚಿಸಿದ. ಅಂಗಡಿಯವನಿಗೆ ಅವನು ಹೇಳಿದ ರೀತಿ ನನಗೆ ನೆನಪಿದೆ: "ನೀ ಅಂಗಡಿ ತಕ್ಕಡಿ ಬಿಟ್ಟು ಗಾಡಿ ಹತ್ತು. ಅವನ್ನ ಹಿಂದ ಕುಂದ್ರಿಸ್ಕೊಂಡ ಬಾ. ಇಲ್ಲಿ ಸಣ್ಣ ಹುಡುಗಿ ಮಲಗೇತಿ."

ಅಂಗಡಿಯವನ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ನಿಜವಾದ ಹನುಮಪ್ಪ ಬಂದ. ಮೊಣಕಾಲ ತನಕ ಹೊಲದ ಕೆಸರು. ಅಷ್ಟು ಹೊತ್ತೂ ತಪ್ಪು ಹನುಮಪ್ಪ ಆ ತಂದೆಯ ಪಕ್ಕದಲ್ಲಿ ಕುಳಿತಿದ್ದ. ಎದ್ದು ಹೋಗಲಿಲ್ಲ. ಆಪರೇಷನ್ ಮುಗಿದು, ಹುಡುಗಿಗೆ ಅಪಾಯವಿಲ್ಲ ಎಂದು ಡಾಕ್ಟರು ಬಂದು ಹೇಳಿದ ಮೇಲೆ ತಂದೆ ಮೊದಲು ಅಪ್ಪಿಕೊಂಡಿದ್ದು ಅವನನ್ನೇ.

ಹೊತ್ತು ಮುಳುಗುವ ಮುಂಚೆ ಇಬ್ಬರು ಹನುಮಪ್ಪಗಳೂ ಕೂಡಿ ಅದೇ ಖಾನಾವಳಿಗೆ ಹೋದರು. ಜೊತೆಗೆ ನಾನೂ ಕಾಕಾನೂ. ಖಾನಾವಳಿ ಅಕ್ಕನಿಗೆ ಸುದ್ದಿ ಮುಟ್ಟಿತ್ತು. ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಮೇಲೆ ಬೆಣ್ಣೆ. ಇಬ್ಬರೂ ಹೊಟ್ಟೆ ತುಂಬ ಉಂಡರು. ಕೆಸರು ಕಾಲಿನ ಹನುಮಪ್ಪ ಕಿಸೆಗೆ ಕೈ ಹಾಕಿದಾಗ ಅವಳು ಕೈ ಮುಗಿದಳು. "ರಕ್ತ ಕೊಟ್ಟವರ ಕಡೆ ರೊಕ್ಕ ಇಸ್ಕೊಳ್ಳಂಗಿಲ್ಲಪಾ."

ಇನ್ನೊಬ್ಬ ಹನುಮಪ್ಪನೂ ಮೀಸೆ ಒರೆಸಿಕೊಂಡು ಎದ್ದ. "ಹಂಗಾರ ಬರ್ತೇನವ್ವ."

"ನೀನು ಕೊಟ್ಟಿಯೇನಪಾ?"

"ಇಲ್ಲವ್ವ, ನಂದು ಹೊಂದಲಿಲ್ಲ."

"ಹಂಗಾರ ಎರಡು ಊಟದ್ದು ಕೊಟ್ಟು ಹೋಗು. ಮಧ್ಯಾಹ್ನದ್ದು ಅರ್ಧಕ್ಕ ಎದ್ದು ಓಡಿದ್ದಿ."

ಯಾವ ಗುಂಪಾದ್ರೂ ನಡೀತೈತಿ

ಕಡೆಗೆ ಪಟ್ಟಿ ಒಂದು ಹದಕ್ಕೆ ಬಂತು. ಗುಂಪು, ಊರು, ವಯಸ್ಸು ಯಾವುದನ್ನು ಒತ್ತಿದರೂ ಬೇಕಾದವರಷ್ಟೇ ಪರದೆಗೆ ಬರುತ್ತಿದ್ದರು. ಕಾಕಾ ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದರು: "ಎಂಥವರು ಬೇಕು ಹೇಳ್ರಿ, ಒಂದ್ ಚಿಟಿಕಿಯಾಗ ತಗದು ಕೊಡ್ತೇನಿ."

ಒಂದು ಬೆಳಿಗ್ಗೆ ಬ್ಯಾಡಗಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡ ಹಿರಿಯರೊಬ್ಬರು ನನ್ನ ಕ್ಲಾಸಿಗೆ ಬಂದರು. ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಧೋತರ. ಕಾಕಾ ಅಲ್ಲೇ ಇದ್ದರು.

"ನಿಮ್ಮ ಪಟ್ಟ್ಯಾಗ ಒಬ್ಬರು ಬೇಕಾಗಿತ್ರಿ."

ಕಾಕಾ ಫೋನು ತೆಗೆದರು. "ಯಾವ ಗುಂಪು ಹೇಳ್ರಿ ಸಾಹುಕಾರ್ರ."

"ಯಾವುದಾದ್ರೂ ನಡೀತೈತ್ರಿ."

ಕಾಕಾ ನನ್ನ ಮುಖ ನೋಡಿದರು. "ಯಾವುದಾದ್ರೂ ಅಂದ್ರ ಹೆಂಗ್ರಿ?"

"ವಯಸ್ಸು ಅಷ್ಟ ಇಪ್ಪತ್ತಾರರಿಂದ ಮೂವತ್ತರ ಒಳಗಿರಲಿ. ಡಿಗ್ರಿ ಆಗಿದ್ರ ಚಲೋ."

"ಪೇಶಂಟ್ ಯಾರ್ರಿ?"

"ನನ್ನ ಮಗಳು."

"ಏನಾಗೇತ್ರಿ ಅವರಿಗೆ?" ಕಾಕಾ ಗಾಬರಿಯಾದರು.

"ಇಪ್ಪತ್ತನಾಕು ಆಗೇತ್ರಿ."

ನಗಬೇಕೋ ಬೇಡವೋ ತಿಳಿಯಲಿಲ್ಲ, ಯಾಕೆಂದರೆ ಅವರು ನಗುತ್ತಿರಲಿಲ್ಲ. ನಿಧಾನವಾಗಿ ಹೇಳಿದರು. ಹೋದ ವರ್ಷ ಅವರ ಹೆಂಡತಿಗೆ ಹಾವೇರಿಯಲ್ಲಿ ದೊಡ್ಡ ಆಪರೇಷನ್ ಆಗಿತ್ತು. ರಕ್ತ ಕೊಡಬೇಕಾದ ನೆಂಟರು ಬಾಗಿಲ ತನಕ ಬಂದು ಏನೇನೋ ನೆವ ಹೇಳಿ ಹಿಂದೆ ಸರಿದರು. ಯಾವುದೋ ಊರಿನ, ಯಾರಿಗೂ ಏನೂ ಆಗಬೇಕಿಲ್ಲದ ಹುಡುಗನೊಬ್ಬ ಬಂದು, ಕೊಟ್ಟು, ಚಹಾ ಸಹ ಕುಡಿಯದೆ ಹೋಗಿದ್ದ. ಹೆಂಡತಿ ಬದುಕಿ ಮನೆಗೆ ಬಂದಳು.

"ಅವತ್ತಿಂದ ಆಕಿ ಒಂದ ಮಾತು ಹಿಡದಾಳ. ಹೊಲಾ ಬ್ಯಾಡ, ನೌಕರಿ ಬ್ಯಾಡ. ಗುರುತಿಲ್ಲದವರಿಗೆ ರಕ್ತ ಕೊಡೋ ಹುಡುಗ ಹೆಂಡತಿ ಕಣ್ಣಾಗ ನೀರು ತರ್ಸಂಗಿಲ್ಲ, ಅಂಥವನ್ನ ನೋಡ್ರಿ ಅಂತಾಳ."

ಕಾಕಾನ ಬೆರಳು ಆಗಲೇ ವಯಸ್ಸಿನ ಗುಂಡಿಯ ಮೇಲಿತ್ತು. ನಾನು ತಡೆದೆ. ಆ ಹುಡುಗರು ಹೆಸರು ಕೊಟ್ಟದ್ದು ಜೀವ ಉಳಿಸಲಿಕ್ಕೆ; ಕೇಳದೆ ಬೇರೆ ಕೆಲಸಕ್ಕೆ ತೆಗೆದರೆ ನಾಳೆ ಯಾರೂ ಹೆಸರು ಕೊಡುವುದಿಲ್ಲ ಅಂದೆ. ಹಿರಿಯರು ಬೇಸರ ಮಾಡಿಕೊಳ್ಳಲಿಲ್ಲ. "ಖರೇ ಐತಿ ನೀವ ಹೇಳೂದು," ಅಂತ ಟೊಪ್ಪಿಗೆ ಸರಿಮಾಡಿಕೊಂಡು ಎದ್ದರು.

ಮರುದಿನ ಮಗಳೇ ಬಂದಳು. ಬಿ.ಎಡ್. ಓದುತ್ತಿದ್ದಳು. "ನಮ್ಮಪ್ಪ ನಿನ್ನೆ ಬಂದಿದ್ರಂತ. ತಪ್ಪ ತಿಳ್ಕೋಬ್ಯಾಡ್ರಿ," ಅಂದಳು. ಮುಜುಗರದಿಂದ ನೆಲ ನೋಡುತ್ತಿದ್ದಳು. ಆಮೇಲೆ ತಲೆ ಎತ್ತಿ, "ನಮ್ಮವ್ವಗ ಯಾರೋ ಕೊಟ್ರು. ನನ್ನ ಹೆಸರು ಬರಕೋರಿ," ಅಂದಳು.

ಬರೆದುಕೊಂಡೆ. ಬ್ಯಾಡಗಿಯಲ್ಲಿ ನಡೆದ ಮುಂದಿನ ಶಿಬಿರಕ್ಕೆ ಅವಳು ಬಂದಳು. ಕಾವಲಿಗೆಂದು ತಂದೆಯೂ ಬಂದರು. ಅಲ್ಲಿ ಶಾಲೆಯ ಹಾಲಿನ ತುಂಬ ಮಂಚ, ಮಂಚದ ತುಂಬ ರಕ್ತ ಕೊಡುವ ಹುಡುಗರು! ಪಟ್ಟಿಯಲ್ಲಿ ಸಿಗದದ್ದು ಕಣ್ಣೆದುರಿಗೇ ಸಾಲಾಗಿ ಮಲಗಿತ್ತು. ಹಿರಿಯರು ಕೈ ಹಿಂದೆ ಕಟ್ಟಿಕೊಂಡು ಸಾಲಿನ ಆ ತುದಿಯಿಂದ ಈ ತುದಿಗೆ ನೋಡುತ್ತಾ ಬಂದು, ಮಗಳ ಪಕ್ಕದ ಮಂಚದ ಬಳಿ ನಿಂತರು. ಆ ಹುಡುಗನ ತೋಳಿನಲ್ಲಿ ಸೂಜಿ ಇತ್ತು. ಓಡಿ ಹೋಗುವ ಹಾಗಿರಲಿಲ್ಲ.

"ಯಾವ ಊರಪಾ?"

"ಹಾವೇರಿ ರೀ."

"ಏನ್ ಮಾಡ್ತಿ?"

"ಸಾಲ್ಯಾಗ ಮಾಸ್ತರದೇನ್ರಿ."

"ನಿಮ್ಮ ಮನಿತನ, ಬೆಡಗು ಯಾವುದು?"

ನಾಡಿ ಹಿಡಿದಿದ್ದ ನರ್ಸು, "ಸುಮ್ನಿರ್ರಿ ಅಜ್ಜಾರ, ಬಡಿತ ಏರಾಕತ್ತೈತಿ," ಅಂತ ಗದರಿದಳು. ಹುಡುಗನಿಗೆ ವಿಷಯ ತಿಳಿಯಿತು. "ನನ್ನ ಲಗ್ನ ಆಗೇತ್ರಿ," ಅಂದ.

ಹಿರಿಯರು ನಿರಾಸೆಯಾಗಿ ಎರಡು ಹೆಜ್ಜೆ ಹೋದವರು ತಿರುಗಿ ಬಂದರು. "ತಮ್ಮ ಅದಾನೇನು?"

"ಅದಾನ್ರಿ. ಅಂವನೂ ಮಾಸ್ತರನ. ಇನ್ನೂ ಆಗಿಲ್ಲ."

"ಅಂವಾ ರಕ್ತ ಕೊಡ್ತಾನೇನು?"

"ಇಲ್ರಿ. ಇವತ್ತ ನನ್ನ ಕೂಡ ಬಂದಿದ್ದ. ಸೂಜಿ ನೋಡಿದವನ ತಲಿ ತಿರುಗಿ ಬಿದ್ದ. ಅಗೋ, ಆ ಬೆಂಚಿನ ಮ್ಯಾಲೆ ಮಲಗಿಸ್ಯಾರ ನೋಡ್ರಿ."

ಹಾಲಿನ ಮೂಲೆಯಲ್ಲಿ, ಬೆಂಚಿನ ಮೇಲೆ ಒಬ್ಬ ಎತ್ತರದ ಹುಡುಗ ಮಲಗಿದ್ದ. ಕಾಕಾ ಅವನಿಗೆ ಟವೆಲಿನಿಂದ ಗಾಳಿ ಹಾಕುತ್ತಿದ್ದರು. ಎಚ್ಚರವಾಗಿ ಏಳಲು ಹೋದವನು ಎದುರಿನ ರಕ್ತದ ಬಾಟಲಿ ನೋಡಿ ಮತ್ತೆ ಒರಗಿದ.

ಹಿರಿಯರು ತಲೆ ಅಲ್ಲಾಡಿಸಿ ಮುಂದಿನ ಮಂಚಕ್ಕೆ ಹೊರಟರು. ಬೆಂಚಿನ ಮೇಲಿದ್ದ ಆ ಹುಡುಗನ ಜೊತೆಯೇ ಅವರ ಮಗಳಿಗೆ ಮುಂದಿನ ವೈಶಾಖದಲ್ಲಿ ಲಗ್ನವಾಯಿತು, ನಾವೆಲ್ಲ ಹೋಗಿ ಹೋಳಿಗೆ ಉಂಡು ಬಂದೆವು. ಆ ಲಗ್ನ ಗಟ್ಟಿಯಾದದ್ದು ಮಾತ್ರ ಅಲ್ಲೇ, ಆ ಗಳಿಗೆಯಲ್ಲೇ. ಪಕ್ಕದ ಮಂಚದಲ್ಲಿ ತೋಳಿಗೆ ಸೂಜಿ ಹಾಕಿಸಿಕೊಂಡು ಮಲಗಿದ್ದ ಮಗಳು ಅಷ್ಟು ಹೊತ್ತೂ ಬೆಂಚಿನ ಕಡೆಯೇ ನೋಡುತ್ತಿದ್ದಳು. ತಂದೆಯ ಧೋತರದ ಚುಂಗು ಹಿಡಿದು ಎಳೆದಳು.

"ಅಪ್ಪಾ, ಅವ್ರನ್ನ ನೋಡೂಣು. ರಕ್ತ ಮನ್ಯಾಗ ಒಬ್ಬರು ಕೊಟ್ರ ಸಾಕು."